ಬೇಸ್ ಗಿಟಾರಿನವನಿಗೆ ಹೆಣ್ಣು ಕೊಡುವುದು

ನಾನು ನುಡಿಸಿದ್ದನ್ನು ಕೇಳಿದವರು ಈ ಜಿಲ್ಲೆಯಲ್ಲಿ ಸಾವಿರಾರು ಜನ ಇದ್ದಾರೆ. ಕೇಳಿದ್ದೇವೆ ಎಂಬುದು ಮಾತ್ರ ಅವರಲ್ಲಿ ಯಾರಿಗೂ ಗೊತ್ತಿಲ್ಲ. ಮೂಡಿಗೆರೆಯ ಆರತಕ್ಷತೆ, ಸಂಸೆಯ ಹೋಮ್‌ಸ್ಟೇಯಲ್ಲಿ ಬೆಂಕಿ ಹಾಕಿಕೊಂಡು ಕೂತ ಸಂಜೆ, ಚಿಕ್ಕಮಗಳೂರಿನ ಪ್ಲಾಂಟರುಗಳ ಪಾರ್ಟಿ, ಒಮ್ಮೆ ಗಣಿ ಮುಚ್ಚಿ ಖಾಲಿಯಾದ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಹಳೆಯ ನೆರೆಹೊರೆಯವರೆಲ್ಲ ಮತ್ತೆ ಸೇರಿದ ದಿನ, ಹೀಗೆ ಎಲ್ಲಿ ನುಡಿಸಿದರೂ ಮುಗಿದ ಮೇಲೆ ಜನ ನಮ್ಮ ಬ್ಯಾಂಡಿನ ಹತ್ತಿರ ಬರುತ್ತಾರೆ. ಹಾಡುವ ರೋಹಿತನ ಕೈ ಕುಲುಕುತ್ತಾರೆ. ಡ್ರಮ್ಸ್ ಬಾರಿಸುವ ಸತೀಶನ ತೋಳು ಮುಟ್ಟಿ ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ಕೈ ತೊಳೆಯುವ ಜಾಗ ಎಲ್ಲಿದೆ ಎಂದು ಕೇಳುತ್ತಾರೆ.

ನಾನು ನುಡಿಸುವುದು ಬೇಸ್. ನೋಡಲು ಗಿಟಾರಿನ ಅಣ್ಣನಂತಿರುತ್ತದೆ. ಕತ್ತು ಉದ್ದ, ತಂತಿ ದಪ್ಪ, ಅದೂ ನಾಲ್ಕೇ. ಕೈ ತೊಳೆಯುವ ಜಾಗ ಕೇಳದವರು ಈ ನಾಲ್ಕರ ಬಗ್ಗೆ ಕೇಳುತ್ತಾರೆ: "ಇನ್ನೆರಡು ತಂತಿ ಎಲ್ಲಿ ಹೋಯ್ತು ಮಾರಾಯ?" ಮೊದಮೊದಲು ವಿವರಿಸುತ್ತಿದ್ದೆ. ಹಾಡಿನ ತಳದಲ್ಲಿ ದಪ್ಪ ದನಿಯೊಂದು ಹರಿಯುತ್ತಿರುತ್ತದೆ, ಅದರ ಮೇಲೆಯೇ ಉಳಿದದ್ದೆಲ್ಲ ನಿಂತಿರುತ್ತದೆ ಎಂದೆಲ್ಲ. ಕೇಳುವವರ ಕಣ್ಣು ಅಷ್ಟರಲ್ಲಿ ಊಟದ ಸಾಲಿನ ಕಡೆ ಹೋಗಿರುತ್ತಿತ್ತು. ಈಗ ಊರಿನವರಿಗೆ ಇಲಿ ತಿಂತು ಎನ್ನುತ್ತೇನೆ. ಹೋಮ್‌ಸ್ಟೇ ಅತಿಥಿಗಳಿಗಾದರೆ ಮಂಗ ಎತ್ತಿಕೊಂಡು ಹೋಯಿತು ಎನ್ನುತ್ತೇನೆ. ಅವರು ಬಂದಿರುವುದೇ ಕಾಡು ನೋಡಲು, ಸಂತೋಷಪಡುತ್ತಾರೆ.

ಸಮಾಧಾನಕ್ಕೆ ನಾನು ನೆನೆಸಿಕೊಳ್ಳುವುದು ತಂಬೂರಿಯನ್ನು. ಅದಕ್ಕೂ ನಾಲ್ಕೇ ತಂತಿ. ಅದನ್ನು ಮೀಟುವವರು ಗಾಯಕರ ಬೆನ್ನ ಹಿಂದೆ ಕೂತಿರುತ್ತಾರೆ. ಸಾಮಾನ್ಯವಾಗಿ ಶಿಷ್ಯ, ಶಿಷ್ಯ ಸಿಗದಿದ್ದರೆ ಹೆಂಡತಿ. ಕಛೇರಿ ಮುಗಿಯುವವರೆಗೂ ಅವರ ಮುಖದಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕದ ಹಾಗೆ ಕಾಯುತ್ತಿರುವವರ ಭಾವವೊಂದಿರುತ್ತದೆ. ಚಪ್ಪಾಳೆ ಬಿದ್ದಾಗ ಅವರಿಗೂ ಖುಷಿಯಾಗುತ್ತದೋ ಇಲ್ಲವೋ ಎಂದು ಯಾವ ಸಂಗೀತಶಾಸ್ತ್ರವೂ ಹೇಳಿದಂತಿಲ್ಲ. ನಾನು ಓದಿರುವುದೂ ಅಷ್ಟಕ್ಕಷ್ಟೇ. ನುಡಿಸುವಾಗ ನನ್ನ ಮುಖ ಹೇಗಿರುತ್ತದೆ ಎಂದು ಸತೀಶನನ್ನು ಕೇಳಿದ್ದೆ. "ಜೀಪಿಗೆ ಕಾಯ್ತಿರೋ ಹಾಗೆ" ಎಂದ.

ಇಂಥವನನ್ನು ಬ್ಯಾಂಡಿನಲ್ಲಿ ಏಕೆ ಇಟ್ಟುಕೊಂಡಿದ್ದಾರೆ ಎಂದು ನೀವು ಕೇಳಬಹುದು. ನಾನು ಅಣಕ ಮಾಡುತ್ತೇನೆ. ನಮ್ಮ ಕಡೆ ಕರೆಂಟು ಹೋಗುವುದಕ್ಕೂ ಜನರೇಟರು ಕೆಮ್ಮಿ ಎದ್ದೇಳುವುದಕ್ಕೂ ನಡುವೆ ಒಂದು ದೊಡ್ಡ ಅವಕಾಶ ಸಿಗುತ್ತದೆ. ಆಗ ಮೈಕಿಲ್ಲದೆ ಮುಂದೆ ನಿಂತು, ನಾಯಿಯ ಜೊತೆ ಇಂಗ್ಲಿಷಿನಲ್ಲೂ ಆಳಿನ ಜೊತೆ ಕನ್ನಡದಲ್ಲೂ ಒಂದೇ ಉಸಿರಿಗೆ ಮಾತಾಡುವ ಸಾಹುಕಾರರನ್ನು, ದಟ್ಟ ಮಂಜಿನೊಳಗೆ ಕೈ ತೋರಿಸಿ "ಇಲ್ಲಿಂದ ಕಣಿವೆ ಪೂರ್ತಿ ಕಾಣುತ್ತೆ ಸರ್" ಎನ್ನುವ ಹೋಮ್‌ಸ್ಟೇ ಮಾಲೀಕರನ್ನು, ರೋಹಿತ ಕನ್ನಡಿಯ ಎದುರು ತಲೆ ಬಾಚುವುದನ್ನು ಮಾಡಿ ತೋರಿಸುತ್ತೇನೆ. ಜನ ನಗುತ್ತಾರೆ, ಕರೆಂಟು ಬರುತ್ತದೆ, ನಾನು ಹಿಂದೆ ಹೋಗಿ ಮತ್ತೆ ಕಾಣೆಯಾಗುತ್ತೇನೆ.

ಈ ಕಲೆಗೆ ಒಂದು ಕಾಯಿಲೆಯೂ ಅಂಟಿಕೊಂಡಿದೆ. ಹೆದರಿಕೆಯಾದರೆ ಎದುರಿಗಿದ್ದವರ ದನಿಯೇ ನನ್ನ ಬಾಯಿಂದ ಬಂದುಬಿಡುತ್ತದೆ. ಹೆಲ್ಮೆಟ್ಟಿಲ್ಲದೆ ಸಿಕ್ಕಿಬಿದ್ದಾಗ ಪೊಲೀಸರಿಗೆ ಪೊಲೀಸರ ದನಿಯಲ್ಲೇ ಉತ್ತರ ಕೊಟ್ಟು, ಬೇರೆಯವರಿಗಿಂತ ಹೆಚ್ಚು ಹೊತ್ತು ಬಿಸಿಲಲ್ಲಿ ನಿಂತಿದ್ದೇನೆ. ಆದರೆ ಆ ಕಾಯಿಲೆ ನಿಜವಾಗಿ ಉಲ್ಬಣಿಸಿದ್ದು ಬಾಳೂರಿನಲ್ಲಿ, ಹೆಣ್ಣು ಕೇಳಲು ಹೋದಾಗ.

ಹಗಲು ಹೊತ್ತು ಮೂಡಿಗೆರೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ ಇದೆ: ಪಂಪು, ಸ್ಪ್ರೇಯರು, ಕಳೆ ಹೊಡೆಯುವ ಮೆಷಿನ್ನು. ಚೈತ್ರ ಅಲ್ಲೇ ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಅವರ ಮನೆಯ ಸ್ಪ್ರೇಯರು ತಂದು ನನ್ನ ಮೇಜಿನ ಮೇಲಿಟ್ಟು, "ಆ ಉದ್ದ ಕತ್ತಿನ ಗಿಟಾರು ನಿಮ್ದಲ್ವಾ? ಮೊನ್ನೆ ರಿಸೆಪ್ಷನ್ನಲ್ಲಿ ಮೂರನೇ ಹಾಡಿನ ಮಧ್ಯೆ ತಪ್ಪಿದ್ರಿ" ಎಂದಳು. ನಿಜ, ತಪ್ಪಿದ್ದೆ. ಅದು ರೋಹಿತನಿಗೆ ಗೊತ್ತಾಗಿರಲಿಲ್ಲ, ಸತೀಶನಿಗೆ ಗೊತ್ತಾಗಿರಲಿಲ್ಲ. ನನ್ನ ತಪ್ಪು ಕಿವಿಗೆ ಬಿದ್ದ ಮೊದಲ ವ್ಯಕ್ತಿ ಈ ಲೋಕದಲ್ಲಿ ಇವಳು. ಹೊಗಳಿದವರನ್ನು ಮರೆಯಬಹುದು, ಹೀಗೆ ಕೇಳಿಸಿಕೊಂಡವರನ್ನು ಬಿಡಲಾಗುತ್ತದೆಯೇ? ಸ್ಪ್ರೇಯರನ್ನು ಎಷ್ಟು ನಿಧಾನವಾಗಿ ರಿಪೇರಿ ಮಾಡಿದೆನೆಂದರೆ, ಅದು ಸರಿಯಾಗುವಷ್ಟರಲ್ಲಿ ನಾವಿಬ್ಬರೂ ಮದುವೆಯ ಮಾತಿಗೆ ಬಂದಿದ್ದೆವು.

ಚೈತ್ರಳ ತಂದೆ ಮಂಜಪ್ಪನವರು ಬಾಳೂರಿನ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್. ಹೊರಗಿನವರಿಗಾಗಿ ಹೇಳುತ್ತೇನೆ, ಎಸ್ಟೇಟಿನ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಗೋಡೌನಿನ ಬೀಗ, ನಾಳೆ ಯಾರು ಎಲ್ಲಿ ಕೆಲಸಕ್ಕೆ ಎಂಬುದನ್ನೆಲ್ಲ ನೋಡಿಕೊಳ್ಳುವವರು. ಮಾತಾಡುವ ಮೊದಲು ಅವರು ಗಂಟಲನ್ನು ಎರಡು ಕಂತಿನಲ್ಲಿ ಸರಿಮಾಡಿಕೊಳ್ಳುತ್ತಾರೆ. ಮೊದಲನೆಯದು ಹಳೆ ಜೀಪು ಸ್ಟಾರ್ಟಾಗದೆ ನಿಂತಂತೆ, ಎರಡನೆಯದು ಸ್ಟಾರ್ಟಾದಂತೆ.

"ಹ್ಞ್... ಹ್ಞಂ. ಎಂತ ಮಾಡ್ಕೊಂಡಿದ್ದೀರಿ?"

ನನಗೆ ಹೆದರಿಕೆಯಾಯಿತು. ಆದದ್ದು ಅಷ್ಟೇ, ನನ್ನ ಗಂಟಲು ತಾನೇ ತಾನಾಗಿ ಎರಡು ಕಂತಿನಲ್ಲಿ ಸ್ಟಾರ್ಟಾಯಿತು. "ಹ್ಞ್... ಹ್ಞಂ. ರಿಪೇರಿ ಅಂಗಡಿ ಇದೆ."

ಬಾಗಿಲ ಹಿಂದೆ ಚೈತ್ರ ಸೆರಗನ್ನೋ ಟವೆಲನ್ನೋ ಬಾಯಿಗೆ ತುರುಕಿಕೊಂಡ ಸದ್ದು ಕೇಳಿಸಿತು.

"ಅದು ಗೊತ್ತು. ಸಂಜೆ ಹೊತ್ತು ಎಂತದೋ ಬ್ಯಾಂಡು ಅಂತಲ್ಲ. ಹಾಡೋದಾ?"

"ಅಲ್ಲ."

"ಬಡಿಯೋದಾ?"

"ಅದೂ ಅಲ್ಲ. ಎರಡರ ಮಧ್ಯೆ."

"ಮಧ್ಯೆ ಎಂತ ಇರುತ್ತೆ?"

ಅವರದೇ ದನಿಯಲ್ಲಿ ನಾಲ್ಕು ಸಾಲು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ ಹೇಳಿದರು: "ನೋಡಿ, ಬರೋ ತಿಂಗಳು ನಮ್ಮ ಸಾವ್ಕಾರ್ರ ಮಗಳ ಆರತಕ್ಷತೆ ಕಣದಲ್ಲಿ. ನಿಮ್ಮ ಬ್ಯಾಂಡೇ ಬರೋದಂತೆ. ಅಲ್ಲಿ ನಾನು ಕೇಳ್ತೀನಿ. ನಿಮ್ಮ ಕೆಲಸ ಎಂತದು ಅಂತ ನನಗೆ ಗೊತ್ತಾಗಬೇಕು. ಗೊತ್ತಾಗ್ಲಿಲ್ಲ ಅಂದ್ರೆ ಈ ಮಾತು ಇಲ್ಲಿಗೇ ಬಿಡುವ. ಮಗಳನ್ನ ಗಾಳಿಗೆ ಕೊಡಕ್ಕಾಗಲ್ಲ."

ಜಗತ್ತಿನಲ್ಲಿ ಇಷ್ಟೊಂದು ಬೇಸ್ ನುಡಿಸುವವರಿದ್ದಾರೆ, ಅವರಿಗೆಲ್ಲ ಮದುವೆ ಹೇಗಾಯಿತು ಎಂದು ಆ ತಿಂಗಳೆಲ್ಲ ಯೋಚಿಸಿದೆ. ರೋಹಿತ ಧೈರ್ಯ ಹೇಳಿದ: "ಜೋರಾಗಿ ನುಡಿಸು ಅಭಿ, ಅಷ್ಟೆ." ಜೀವನದಲ್ಲಿ ಎಲ್ಲದಕ್ಕೂ ಅವನದು ಇದೊಂದೇ ಸಲಹೆ.

ಕಾಫಿ ಒಣಗಿಸುವ ಕಣವನ್ನು ನೀವು ನೋಡಿರಬಹುದು. ಸಿಮೆಂಟು ಹಾಕಿದ ವಿಶಾಲ ಅಂಗಳ. ಕೊಯ್ಲು ಮುಗಿದಿತ್ತು. ಉಳಿದ ಕಾಫಿಯನ್ನೆಲ್ಲ ಒಂದು ಮೂಲೆಗೆ ರಾಶಿ ಮಾಡಿ ಟಾರ್ಪಾಲು ಹೊದಿಸಿದ್ದರು. ಗುಡಿಸಿದ ಕಣ ನಾಟ್ಯಮಂಟಪದಂತಿತ್ತು, ಸಿಲ್ವರ್ ಓಕ್ ಮರಗಳ ತುಂಬ ಬಣ್ಣದ ದೀಪ. ಮಂಜಪ್ಪನವರು ಬೀಗದ ಕೈಗಳ ಗೊಂಚಲು ಹಿಡಿದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಗೋಡೆಗೆ ಒರಗಿ ನಿಂತಿದ್ದರು. ಅವರು ಹಾಡಿದವನ ಕಡೆ ನೋಡಲಿಲ್ಲ, ಬಡಿದವನ ಕಡೆ ನೋಡಲಿಲ್ಲ. ನೇರ ನನ್ನ ಕೈಗಳನ್ನೇ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಸಭಿಕರೊಬ್ಬರು ನನ್ನನ್ನೇ ನೋಡಿದ್ದು ಅದೇ ಮೊದಲು. ನೋಡಿಸಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿದ್ದರೆ ರೋಹಿತನನ್ನು ಇಷ್ಟು ಅಣಕಿಸುತ್ತಿರಲಿಲ್ಲ.

ಆಂಪ್ಲಿಫೈಯರನ್ನು ಕೊನೆಯವರೆಗೂ ತಿರುಗಿಸಿದೆ. ಒಂದು ಸ್ವರ ಸಾಕಾದ ಕಡೆ ಐದು ಸ್ವರ ಹಾಕಿದೆ. ತಾಯಿ ಮಗಳನ್ನು ಕಳಿಸಿಕೊಡುವ ಮೆಲ್ಲನೆಯ ಹಾಡಿನಲ್ಲೂ ತಂತಿಗಳನ್ನು ಹೊಡೆದೆ, ಎಳೆದೆ, ಜಾರಿಸಿದೆ. ಹಾಡುತ್ತಿದ್ದ ರೋಹಿತನಿಗೆ ಸಾಲು ಮರೆತುಹೋಯಿತು. ಕುಣಿಯುತ್ತಿದ್ದ ಮದುಮಗನ ಸೋದರಮಾವ ಎಲ್ಲಿ ಹೆಜ್ಜೆಯಿಡುವುದೆಂದು ತಿಳಿಯದೆ, ಏನೋ ಬೀಳಿಸಿಕೊಂಡವರಂತೆ ನೆಲ ಹುಡುಕುತ್ತ ಹೊರಗೆ ನಡೆದರು. "ಎಂತ ಮಾರಾಯ, ಕೈಗೆ ತುರಿಕೆಯಾ?" ಎಂದು ಸತೀಶ ಹಿಂದಿನಿಂದ ಗದರಿಸಿದ.

ಬಿಡುವಿನಲ್ಲಿ ಮಂಜಪ್ಪನವರು ನನ್ನ ಬಳಿಗೇ ಬಂದರು. "ಹ್ಞ್... ಹ್ಞಂ. ಕೇಳ್ತು."

ನನ್ನ ಎದೆ ಅರಳಿತು.

"ಲೋಡಿನ ಲಾರಿ ಹಿಂದಕ್ಕೆ ತಗೊಂಡ ಹಾಗೆ ಕೇಳ್ತು. ಅದು ನೀವೇ ತಾನೆ?"

"ಹ್ಞಂ. ನಾನೇ."

ಅವರು ತಲೆಯಾಡಿಸಿ ಊಟದ ವ್ಯವಸ್ಥೆ ನೋಡಲು ಹೊರಟುಹೋದರು. ಸಂಬಂಧವೂ ಅವರ ಜೊತೆಗೇ ಹೋಯಿತು ಎಂದುಕೊಂಡೆ. ಪರೀಕ್ಷೆಯಲ್ಲಿ ಫೇಲಾದವನಿಗೆ ಸಿಗುವ ಒಂದು ಆರಾಮ ಇದೆಯಲ್ಲ, ಇನ್ನು ಯಾರಿಗೂ ಏನೂ ತೋರಿಸಬೇಕಾಗಿಲ್ಲ ಎಂಬುದು, ಅದು ಕಾಲಿನಿಂದ ಮೇಲಕ್ಕೆ ಹತ್ತಿತು. ದನಿ ತಗ್ಗಿಸಿದೆ. ಸತೀಶನ ದೊಡ್ಡ ಡ್ರಮ್ಮಿನ ಪಕ್ಕದಲ್ಲಿ ನನ್ನ ಸ್ವರವನ್ನು ಮೆಲ್ಲಗೆ ಇಡುತ್ತ ಹೋದೆ, ಗೆಳೆಯನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದ ಹಾಗೆ. ಎರಡನೇ ಹಾಡಿಗೆ ಕಣ ತುಂಬಿತು. ಕಾಫಿ ಕೊಯ್ಯುವ ಹೆಂಗಸರು ಬಂದರು, ಮೇಸ್ತ್ರಿ ಬಂದ, ಸಾಹುಕಾರರು ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಬಂದರು, ಸೋದರಮಾವ ಹುಡುಕುತ್ತಿದ್ದದ್ದು ಸಿಕ್ಕವರಂತೆ ವಾಪಸಾದರು. ಅಷ್ಟು ಹಗುರವಾಗಿ ನಾನು ಯಾವತ್ತೂ ನುಡಿಸಿರಲಿಲ್ಲ. ಮಂಜಪ್ಪನವರನ್ನು ಮರೆತೇಬಿಟ್ಟಿದ್ದೆ.

ಚೈತ್ರ ಮರೆತಿರಲಿಲ್ಲ. ಅಕ್ಕಿರೊಟ್ಟಿಯ ತಟ್ಟೆ ಹಿಡಿದು ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ಮಾರನೆಯ ದಿನ ಫೋನಿನಲ್ಲಿ ವರದಿ ಒಪ್ಪಿಸಿದಳು. ದ್ವಿತೀಯಾರ್ಧದ ತುಂಬ ಅಪ್ಪನ ಬಲಗಾಲು ಅಲ್ಲಾಡುತ್ತಿತ್ತಂತೆ, ಬೀಗದ ಕೈ ಗೊಂಚಲು ತೊಡೆಗೆ ತಾಳ ಹಾಕುತ್ತಿತ್ತಂತೆ. ಮನೆಗೆ ಹೋಗುವಾಗ ಕೇಳಿದ್ದಾಳೆ.

"ಅಪ್ಪ, ಕಾಲು ಯಾಕೆ ಹಾಗೆ ಆಡಿಸ್ತಿದ್ರಿ?"

"ಉಂಬಳ ಹತ್ತಿತ್ತು."

"ಫೆಬ್ರವರೀಲಿ? ಸಿಮೆಂಟ್ ಕಣದ ಮೇಲೆ?"

"ಕೆಲವು ಇರ್ತವೆ."

ಉಂಬಳ ಎಂದರೆ ನಮ್ಮಲ್ಲಿ ಮಳೆಗಾಲದ ಜಿಗಣೆ. ಬೇಸಿಗೆಯಲ್ಲಿ, ಒಣ ಸಿಮೆಂಟಿನ ಮೇಲೆ, ತಾಳಕ್ಕೆ ಸರಿಯಾಗಿ ಕಚ್ಚುವ ಉಂಬಳವನ್ನು ಕಂಡವರು ಅವರೊಬ್ಬರೇ. "ಅದು ಉಂಬಳ ಅಲ್ಲಪ್ಪ, ಅಭಿ" ಎಂದಳಂತೆ ಚೈತ್ರ.

ಆ ಭಾನುವಾರ ನನಗೆ ಬುಲಾವ್ ಬಂತು. ಮಂಜಪ್ಪನವರು ಕಾಫಿ ಕೊಟ್ಟು, ಗಂಟಲಿನ ಎರಡೂ ಕಂತು ಮುಗಿಸಿ ಹೇಳಿದರು: "ಯೋಚನೆ ಮಾಡಿದೆ. ಆ ಹಾಡೋ ಹುಡುಗ ಸಾವ್ಕಾರ್ರಿದ್ದ ಹಾಗೆ. ಹೆಸರೆಲ್ಲ ಅವನದ್ದು. ಡ್ರಮ್ ಬಡಿಯೋನು ಮೇಸ್ತ್ರಿ, ಗಲಾಟೆ ಮಾಡಿ ಕೆಲಸ ತೆಗೆಯೋನು. ನೀವು ಮಧ್ಯೆ ನಿಂತು ಎರಡೂ ಕಡೆ ಸರಿ ಮಾಡ್ತೀರಿ. ನೀವು ಆ ಬ್ಯಾಂಡಿನ ರೈಟರ್. ಮೊದಲೇ ಹಾಗೆ ಹೇಳೋದಲ್ವಾ ಮಾರಾಯ್ರೆ?"

ನಾನು ಹೌದೆಂದು ತಲೆಯಾಡಿಸಿದೆ.

"ಮೊದಲರ್ಧದಲ್ಲಿ ಸಾವ್ಕಾರ್ರಾಗಕ್ಕೆ ಹೋದ್ರಿ. ರೈಟರ್ ಆದೋನು ಹಾಗೆ ಮಾಡಬಾರದು." ಆಮೇಲೆ ಒಳಗಿದ್ದ ಹೆಂಡತಿಗೆ ಕೇಳಿಸುವ ಹಾಗೆ, "ಹುಡುಗ ಅಡ್ಡಿಲ್ಲ. ಮಾತು ಗಂಭೀರ. ನಮ್ಮ ಮನೆಯವರು ಮಾತಾಡಿದ ಹಾಗೇ ಇದೆ" ಎಂದರು. ಒಪ್ಪಿಗೆ ಸಿಕ್ಕಿದ ಸಂತೋಷದಲ್ಲಿ, ಜೀವನಪೂರ್ತಿ ಈ ಮನೆಯಲ್ಲಿ ಇದೇ ದನಿಯಲ್ಲಿ ಮಾತಾಡಬೇಕಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ನಮ್ಮ ಆರತಕ್ಷತೆಗೆ ನಮ್ಮ ಬ್ಯಾಂಡೇ ಬಂತು. ಮದುಮಗ ಮಂಟಪದಲ್ಲಿ ನಿಂತಿರಬೇಕಾದ್ದರಿಂದ ಬೇಸಿನ ಭಾಗವನ್ನು ಕೀಬೋರ್ಡಿನ ಲೋಹಿತ್ ಎಡಗೈಯಲ್ಲಿ ನುಡಿಸುವುದೆಂದು ತೀರ್ಮಾನವಾಗಿತ್ತು. ಅವನೂ ಚೆನ್ನಾಗಿಯೇ ನುಡಿಸುತ್ತಿದ್ದ. ಜನ ಕೂತು ಕೇಳುತ್ತಿದ್ದರು, ಯಾರೂ ದೂರು ಹೇಳಲಿಲ್ಲ. ಮೂರನೇ ಹಾಡಿನ ಹೊತ್ತಿಗೆ ಮಾವ ಊಟದ ಮನೆಯಿಂದ ಹೆಗಲ ಮೇಲೆ ಟವೆಲು, ಕೈಯಲ್ಲಿ ಪಾಯಸದ ಸೌಟಿನ ಸಮೇತ ದಾಪುಗಾಲು ಹಾಕುತ್ತ ಮಂಟಪಕ್ಕೇ ಬಂದರು.

"ಎಂತದೋ ಸರಿ ಇಲ್ವಲ್ಲ ಅಳಿಯಂದಿರೇ. ಪಂಕ್ತೀಲಿ ಬಡಿಸ್ತಾ ಕೇಳಿದ್ರೂ ಗೊತ್ತಾಗ್ತಿದೆ."

"ಲೋಹಿತ್ ನುಡಿಸ್ತಿದ್ದಾನಲ್ಲ ಮಾವ."

"ರೈಟರ್ ರಜೆ ಹಾಕಿದ ಎಸ್ಟೇಟಿನ ಹಾಗಿದೆ. ಹೋಗಿ ನೋಡ್ಕೊಳ್ಳಿ. ಫೋಟೋಕ್ಕೆ ಬಂದೋರ ಹತ್ರ ನಾನು ನಿಂತಿರ್ತೀನಿ."

ಚೈತ್ರ ನನ್ನ ಹಾರ ಸರಿಮಾಡಿ, "ಮೂರನೇ ಹಾಡು, ಮಧ್ಯದಲ್ಲಿ ಹುಷಾರು" ಎಂದಳು. ಪೇಟ, ಹಾರ, ಬಾಸಿಂಗದ ಸಮೇತ ಹೋಗಿ ಸತೀಶನ ಪಕ್ಕ ನಿಂತೆ. ಎರಡು ಸುತ್ತು ನುಡಿಸುವಷ್ಟರಲ್ಲಿ ಕುರ್ಚಿಗಳು ಖಾಲಿಯಾದವು. ನನ್ನ ಕಡೆಯವರು, ಅವಳ ಕಡೆಯವರು, ಊಟ ಅರ್ಧಕ್ಕೆ ಬಿಟ್ಟವರು, ಎಲ್ಲರೂ ಕುಣಿದರು. ಕುಣಿಯುತ್ತ ಎಲ್ಲರೂ ರೋಹಿತನನ್ನೇ ನೋಡಿದರು. ವಿಡಿಯೋದವನೂ ಅಷ್ಟೇ. ಮದುವೆಯ ವಿಡಿಯೋದಲ್ಲಿ ಅಷ್ಟು ಹೊತ್ತು ಮದುಮಗ ಎಲ್ಲಿಯೂ ಕಾಣುವುದಿಲ್ಲ.

ಬಾಳೂರಿನ ಮನೆಗೆ ನೆಂಟರು ಬಂದಾಗಲೆಲ್ಲ ಮಾವ ಆ ವಿಡಿಯೋ ಹಾಕುತ್ತಾರೆ. ಇಲ್ಲಿ ಹುಡುಗ ಎಲ್ಲಿ, ಕಾಣ್ತಾನೇ ಇಲ್ಲವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಾವ ಗಂಟಲು ಸರಿಮಾಡಿಕೊಂಡು, ಪರದೆಯ ಹತ್ತಿರ ಹೋಗಿ, ಮೈಮರೆತು ಕುಣಿಯುತ್ತಿರುವ ಅಷ್ಟೂ ಜನರ ಮೇಲೆ ಬೆರಳಾಡಿಸುತ್ತಾರೆ.

"ಈ ಕುಣಿತ ಇದೆಯಲ್ಲ, ಇದೇ ನಮ್ಮ ಅಳಿಯ."