ಬಸ್ಸು ಪಾದ್ರಿಯ ಬೆಳಗಿನ ಕಾಗದ

ಬೆಳಗಿನ ಐದೂವರೆ. ಮೊದಲ ಬಸ್ಸು ಹೊರಡಲು ಇನ್ನೂ ಇಪ್ಪತ್ತು ನಿಮಿಷವಿದೆ. ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತ ಪಾದ್ರಿ, ತೊಡೆಯ ಮೇಲಿನ ಕೈಚೀಲವನ್ನೇ ಮೇಜು ಮಾಡಿಕೊಂಡು ಹೆಂಡತಿಗೆ ಕಾಗದ ಬರೆಯುತ್ತಿದ್ದಾರೆ. ನಿನ್ನೆಯ ಮದುವೆಯಲ್ಲಿ ಮದುಮಗ ಉಂಗುರವನ್ನೇ ಮರೆತು ಬಂದು ಪೇಚಾಡಿದ್ದು ಇಂದಿನ ಮುಖ್ಯ ವರದಿ.

"ಅಯ್ಯನೋರೇ, ಬೇಗ ಮುಗ್ಸಿ. ಇಲ್ಲಾಂದ್ರೆ ಬಿಟ್ಟು ಹೋಗ್ತೀನಿ," ಎನ್ನುತ್ತಾನೆ ಕಂಡಕ್ಟರ್.

"ಇನ್ನೆರಡೇ ಸಾಲು ಕಣಪ್ಪಾ!"

'ಬಸ್ಸು ಪಾದ್ರಿ' ಎಂದೇ ಹೆಸರಾದ ಇವರ ಪಾಲಿಗೆ ಹನ್ನೊಂದು ಪುಟ್ಟ ಚರ್ಚುಗಳಿವೆ. ಯಾವುದಕ್ಕೂ ಬೇರೆ ಪಾದ್ರಿಯಿಲ್ಲ. ದೀಕ್ಷಾಸ್ನಾನ, ಮದುವೆ, ಮಣ್ಣು, ಎಲ್ಲಕ್ಕೂ ಇವರೇ ಓಡಬೇಕು. ವಾರಕ್ಕೆ ಐದು ದಿನ ತಿರುಗಾಟ. ಹೊರಗಿದ್ದಷ್ಟು ದಿನವೂ ಮನೆಗೆ ದಿನಕ್ಕೊಂದು ಕಾಗದ, ಹತ್ತೊಂಬತ್ತು ವರ್ಷಗಳಿಂದ. ಈಗ ಫೋನಿದೆಯಲ್ಲ ಎಂದರೆ ನಗುತ್ತಾರೆ. "ನಮ್ಮನೆಯವಳಿಗೆ ಕಿವಿ ಕೇಳ್ಸಲ್ಲ. ಮೆಸೇಜಲ್ಲಿ 'ಊಟ ಆಯ್ತಾ' ಅಂತ ಕೇಳ್ಬಹುದು. ಜಗಳ ಆಡೋಕೆ ಕಾಗದಾನೇ ಬೇಕು."

ನಗು ಅಲ್ಲಿಗೇ ನಿಲ್ಲುತ್ತದೆ. ಮೂರು ವರ್ಷದ ಹಿಂದೆ, ವಿಪರೀತ ಜ್ವರದಲ್ಲಿ ಆಕೆ ಕಿವಿ ಕಳೆದುಕೊಂಡಾಗ, ಇವರು ಗುಡ್ಡದಾಚೆಯ ಒಂದು ಶವಸಂಸ್ಕಾರಕ್ಕೆ ಹೋಗಿದ್ದರು. ರಸ್ತೆ ಕುಸಿದಿತ್ತು. ಮನೆ ಮುಟ್ಟುವಾಗ ನಾಲ್ಕು ದಿನ ಕಳೆದಿತ್ತು. ಅಷ್ಟೂ ದಿನ ಆಸ್ಪತ್ರೆಯಲ್ಲಿ ಒಬ್ಬಳೇ ಓಡಾಡಿದವಳು ಹದಿನಾರರ ಮಗಳು. ಬಾಗಿಲಲ್ಲೇ ಕೇಳಿದಳು: "ಊರಿಗೆಲ್ಲ ತಂದೆ ನೀವು. ನಮಗೆ ಮಾತ್ರ ಬರೀ ಕಾಗದಾನಾ?" ಅದುವರೆಗೆ ಅಪ್ಪನ ಕಾಗದಗಳಿಗೆ ಉತ್ತರ ಬರೆಯುತ್ತಿದ್ದವಳು ಅಂದಿನಿಂದ ಅದನ್ನೇ ಬಿಟ್ಟಳು. ಎದುರಿಗಿದ್ದರೂ ತುಟಿ ಬಿಚ್ಚುತ್ತಿರಲಿಲ್ಲ.

ಪಾದ್ರಿ ಪಟ್ಟು ಬಿಡಲಿಲ್ಲ. ವಾರಕ್ಕೆರಡು ದಿನ ಮನೆಯಲ್ಲಿರಲು ಬಿಡದಿದ್ದರೆ ಕೆಲಸವೇ ಬೇಡವೆಂದು ಮೇಲಿನವರ ಮುಂದೆ ಹಟ ಹಿಡಿದು ಗೆದ್ದರು. ಪ್ರತಿ ಗುರುವಾರ ಮಗಳಿಗೆಂದೇ ಬೇರೆ ಲಕೋಟೆ ಹಾಕತೊಡಗಿದರು. "ಕ್ಷಮಿಸು ಅಂತ ಒಂದೇ ಸಲ ಬರೆದೆ. ವಾರ ವಾರ ಅದನ್ನೇ ಬರೆದ್ರೆ ಪೀಡಿಸಿದ ಹಾಗಲ್ವಾ? ಆಮೇಲೆ ಕಂಡಿದ್ದು ಕೇಳಿದ್ದು ಬರೀತಾ ಹೋದೆ." ನೂರ ನಲವತ್ತು ಲಕೋಟೆ ಹೋದವು. ಒಂದಕ್ಕೂ ಉತ್ತರವಿಲ್ಲ.

ಕಳೆದ ತಿಂಗಳು ಒಂದು ಚರ್ಚಿನ ವಿಳಾಸಕ್ಕೆ ಕಾರ್ಡು ಬಂತು. "ಅಪ್ಪಾ, ನಿಮ್ಮ ಸಾಲೆಲ್ಲ ಸೊಟ್ಟಗೆ ಹೋಗ್ತಿದೆ, ಅರ್ಧ ಓದೋಕೇ ಆಗಲ್ಲ. ಶನಿವಾರ ಕಣ್ಣಿನ ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಬಸ್ಸು ತಪ್ಪಿಸ್ಕೊಂಡ್ರೆ ನೋಡಿ!"

"ಹಾಗಾದ್ರೆ ಓದ್ತಾ ಇದ್ಲು," ಎನ್ನುತ್ತಾ ಪಾದ್ರಿ ಬರೆದ ಕಾಗದವನ್ನು ಮಡಚುತ್ತಾರೆ. ಶನಿವಾರ ತಂದೆ ಮಗಳು ಒಟ್ಟಿಗೇ ಹೋಗಿ ಬಂದಿದ್ದಾರೆ.

ಇನ್ನೇನಾದರೂ ಆಸೆ? ಲಕೋಟೆಗೆ ಅಂಟು ಹಚ್ಚುತ್ತಾ ಯೋಚಿಸುತ್ತಾರೆ. "ಅವಳ ಮುಂದಿನ ಕಾಗದ ಇನ್ನೊಂಚೂರು ಉದ್ದ ಇರ್ಲಿ. ಬೈಯೋದಾದ್ರೂ ಸರಿ, ಎರಡು ಪುಟ ಬೈಲಿ."