ಕಾಲೇಜಿನವರು ಬನ್ನಿ ಅಂದಿದ್ದರು

ಅತ್ತಿಗೆ, ಕಾಲೇಜಿನವರು ನಿಮ್ಮನ್ನು ಬೇಡ ಅನ್ನಲಿಲ್ಲ. ಬನ್ನಿ ಅಂದಿದ್ದರು. ಬೇಡ ಅಂದದ್ದು ನಾನು — ನಿಮ್ಮ ನಾದಿನಿ ರೂಪಾ, ನೀವು ನಂಬಿ ಕಳಿಸಿದವಳು. ಹನ್ನೆರಡು ವರ್ಷ ಈ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ.

ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಿಮ್ಮ ಬಿ.ಎ.ಯಲ್ಲಿ ಎರಡು ಪೇಪರ್ ಉಳಿದಿದ್ದವು. ಅವೆರಡು ಮುಗಿದರೆ ಬಿ.ಎಡ್., ಆಮೇಲೆ ಟೀಚರ್ — ಅಷ್ಟೇ ನಿಮ್ಮ ಆಸೆ. ಆ ವರ್ಷ ಬೇಸಿಗೆ ರಜೆಯಲ್ಲಿ ಉಳಿದ ಪೇಪರ್‌ಗಳಿಗೆ ತರಗತಿ ನಡೆಸುತ್ತಾರೆಂದು ಸುದ್ದಿ ಬಂತು. ನಾಲ್ಕು ದಿನ ಒದ್ದಾಡಿದಿರಿ. ಬೆಳಿಗ್ಗೆ ಹೋಗುತ್ತೇನೆ ಅನ್ನುವುದು, ಮಧ್ಯಾಹ್ನ ಬೇಡ ಅನ್ನುವುದು. ಮದುವೆ ಸೀರೆಗಳ ಕಾಲ, ಮಗ್ಗ ಬಿಟ್ಟು ಹೇಗೆ ಹೋಗಲಿ ಅನ್ನುವುದು. ಅಣ್ಣ ಮಾತ್ರ, "ಇಷ್ಟ ಇದ್ರೆ ಹೋಗು, ಅಮ್ಮನ್ನ ನಾನ್ ಒಪ್ಪಿಸ್ತೀನಿ" ಅಂದುಬಿಟ್ಟಿದ್ದ. ಕೊನೆಗೆ ನನ್ನ ಕೈ ಹಿಡಿದು ಅಂದಿರಿ, "ಮದ್ವೆಯಾದೋರ್ನ ಸೇರಿಸ್ಕೋತಾರಾ, ನೀನೇ ಹೋಗಿ ಕೇಳ್ಕೊಂಡು ಬಾರೇ. ಹೂಂ ಅಂದ್ರೆ ಹೋಗ್ಬಿಡ್ತೀನಿ."

ಹೋದೆ, ಕೇಳಿದೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಒಂದೂವರೆ ತಿಂಗಳು. ಮೇಷ್ಟ್ರು, "ಖಂಡಿತ ಬರೋಕೆ ಹೇಳಮ್ಮ. ಮುಂದಿನ ವರ್ಷದಿಂದ ಈ ಸಿಲಬಸ್ ಇರಲ್ಲ, ಇದೇ ಕೊನೇ ಅವಕಾಶ" ಅಂದರು. ಕೊನೇ ಅವಕಾಶ — ಅದು ಗೊತ್ತಿದ್ದೂ...

ಹೊಟ್ಟೆಕಿಚ್ಚಲ್ಲ ಅತ್ತಿಗೆ. ಹಾಗಿದ್ದಿದ್ದರೆ ಒಪ್ಪಿಕೊಳ್ಳುವುದು ಸುಲಭವಿತ್ತು. ನಮ್ಮ ಮನೆಯಲ್ಲಿ ಪವರ್‌ಲೂಮ್ ಓಡುವಾಗ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ನಾನು ಬೆಳೆದದ್ದೇ ಕಿರುಚಾಟದಲ್ಲಿ. ಮಗ್ಗಕ್ಕೆ ಹೂಡಿದ ಒಂದು ಹಾಸಿನ ಉದ್ದೆಳೆಗಳೆಲ್ಲ ನೇಯ್ದು ಮುಗಿದು, ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಒಂದೊಂದಾಗಿ ಸೇರಿಸುವಾಗ ಮಾತ್ರ ಮಗ್ಗ ನಿಲ್ಲುತ್ತಿತ್ತು. ಎದುರುಬದುರು ಕೂತು ನೀವು ಎಳೆ ಆರಿಸಿಕೊಡುವುದು, ನಾನು ಹೊಸೆದು ಸೇರಿಸುವುದು. ಆಗ ನೀವು ಮಾತಾಡುತ್ತಿದ್ದಿರಿ — ನಿಮ್ಮೂರಿನ ಬಸ್ಸು, ಗೆಳತಿಯರು, ಹೆಣ್ಣು ನೋಡಲು ಬಂದ ಅಣ್ಣನ ಪೆಚ್ಚು ಮುಖ. ಅಷ್ಟು ಹೊತ್ತು ನನ್ನನ್ನು ಕೂರಿಸಿಕೊಂಡು ಯಾರೂ ಮಾತಾಡಿರಲಿಲ್ಲ. ವರ್ಷವಿಡೀ ನನಗೂ ಕಾಲೇಜು. ಆ ರಜೆಗಾಗಿ ಕಾದಿದ್ದೆ. ಆ ರಜೆಯನ್ನೂ ಪುಸ್ತಕಕ್ಕೆ ಕೊಟ್ಟುಬಿಡುತ್ತೀರಲ್ಲ ಅನ್ನಿಸಿತು. ಮಗುವೇನಲ್ಲ ನಾನು, ಹದಿನೆಂಟು ತುಂಬಿತ್ತು.

ಬಾಗಿಲಲ್ಲೇ ಕಾಯುತ್ತಿದ್ದಿರಿ. "ಮದ್ವೆಯಾಗಿ ಓದು ಬಿಟ್ಟೋರ್ನ ಸೇರಿಸ್ಕೊಳ್ಳಲ್ವಂತೆ ಅತ್ತಿಗೆ" ಅಂದೆ.

ನೀವು ಯಾರನ್ನೂ ಬೈಯಲಿಲ್ಲ. ಒಳಗೆ ಹೋಗಿ, ಹಳೇ ಕ್ಯಾಲೆಂಡರಿನ ಹಾಳೆಯಿಂದ ಬೈಂಡ್ ಹಾಕಿಟ್ಟಿದ್ದ ಹೊಸ ನೋಟ್‌ಬುಕ್ ತಂದು, "ತಗೋ, ನಿಂಗಾದ್ರೂ ಆಗುತ್ತೆ" ಅಂದಿರಿ. ಅಂದರೆ, ಹೋಗುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಿರಿ. ನಾನು ನಾಚಿಕೆಯಿಲ್ಲದೆ ತೆಗೆದುಕೊಂಡೆ, ಅದರಲ್ಲಿ ಬರೆದೆ ಕೂಡ.

ಮುಂದಿನ ವರ್ಷವೇ ಮದುವೆಯಾಗಿ ದೇವನಹಳ್ಳಿಗೆ ಬಂದೆ. ನನ್ನ ಜೊತೆಗಿರಲಿ ಎಂದು ನಿಮ್ಮನ್ನು ಮನೆಯಲ್ಲೇ ಉಳಿಸಿಕೊಂಡವಳು, ನಾನು ಮಾತ್ರ ಹೊರಟುಬಂದೆ! ಇಲ್ಲಿ ಮಗ್ಗವಿಲ್ಲ. ಇಡೀ ಮಧ್ಯಾಹ್ನ ಸದ್ದೇ ಇಲ್ಲ, ಮಾತಾಡಲು ನೀವಿಲ್ಲ. ಎಷ್ಟು ಸಲ ನಿಮ್ಮ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದ್ದೇನೋ. ನಿಮ್ಮ ದನಿ ಕೇಳಬೇಕೆಂಬ ಆಸೆ, ಕೇಳಿದರೆ ಬಾಯಿಬಿಟ್ಟೇನೆಂಬ ಭಯ.

ಹೋದ ತಿಂಗಳು ನೀವು ಇಲ್ಲಿಗೆ ಬಂದಾಗ ನನ್ನ ಮಗಳ ತಲೆ ಬಾಚುತ್ತಾ ಅವಳಿಗೆ ಹೇಳಿದಿರಿ, "ನಿಮ್ಮಮ್ಮ ನಂಗೋಸ್ಕರ ಆ ಬಿಸಿಲಲ್ಲಿ ಕಾಲೇಜಿಗೆ ನಡ್ಕೊಂಡು ಹೋಗಿದ್ಲು ಕಣೇ. ನನ್ ಓದಿಗೆ ಅಂತ ಅಷ್ಟು ಮಾಡಿದ್ದು ಅವ್ಳೊಬ್ಳೇ." ಕಾಫಿ ಲೋಟ ತೊಳೆಯುವ ನೆಪದಲ್ಲಿ ನಾನು ಎದ್ದುಹೋದೆ.

ನಿಮ್ಮ ಓದನ್ನಂತೂ ಕಿತ್ತುಕೊಂಡೆ. ಈಗ ನಿಜ ಹೇಳಿ, ನಿಮಗಾಗಿ ಒಬ್ಬಳಾದರೂ ಇದ್ದಳೆಂಬ ಸಮಾಧಾನವನ್ನೂ ಕಿತ್ತುಕೊಳ್ಳುತ್ತಿದ್ದೇನೆ. ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಕೇಳುವ ಮುಖ ನನಗಿಲ್ಲ. ಭಾನುವಾರ ಮಗಳನ್ನು ಕರೆದುಕೊಂಡು ಬರುತ್ತೇನೆ. ನೀವು ಬೈಯಬಹುದು, ಮಾತೇ ಬಿಡಬಹುದು. ಆದರೂ ಬರುತ್ತೇನೆ. ಅಂದು ಕಾಲೇಜಿನಲ್ಲಿ ಏನಂದಿದ್ದರೆಂದು ಅವಳಿಗೆ ನಾನೇ ಹೇಳುತ್ತೇನೆ, ನಿಮ್ಮೆದುರೇ.