ಹುಳಿಯಾಗದ ಗಂಜಿ

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಉಳಿದದ್ದನ್ನು ಕುಂದಾಪುರದ ಗ್ರಂಥಾಲಯದಲ್ಲಿ ಕುಳಿತು ಓದಿಕೊಂಡೆ. ಗಂಜಿ ಎಂಬ ಪದ ಸಂಸ್ಕೃತದ ಕಾಂಜಿಕದಿಂದ ಬಂತೆಂದು ನಿಘಂಟೊಂದರಲ್ಲಿ ಕಂಡಂದಿನಿಂದ ಅದನ್ನು ಒಪ್ಪಲಾರದೆ ಮೂವತ್ತು ವರ್ಷ ಕಳೆದಿದ್ದೇನೆ. ತಮಿಳರದು ಕಂಜಿ, ತುಳುವರದೂ ಗಂಜಿಯೇ. ಪೋರ್ಚುಗೀಸರು ಕಾಂಜ ಎಂದು ಹೊತ್ತೊಯ್ದರು, ಇಂಗ್ಲಿಷರು ಕಾಂಜಿ ಎಂದರು. ಇಷ್ಟು ಮಂದಿಯ ಬಾಯಲ್ಲಿರುವ ಮಾತಿಗೆ ಸಂಸ್ಕೃತವೇ ಏಕೆ ತಾಯಿಯಾಗಬೇಕು? ನನ್ನ ವಾದದ ಬುಡ ಒಂದೇ: ಕಾಂಜಿಕವೆಂದರೆ ಹುಳಿ ಬರಿಸಿದ ಅನ್ನದ ನೀರು, ನಮ್ಮ ಗಂಜಿ ಹುಳಿಯಲ್ಲ.

ಹೀಗೆಂದು ನಾನು ಬರೆದ ಲೇಖನವನ್ನು ಬೈಂದೂರಿನ ನಿವೃತ್ತ ಉಪನ್ಯಾಸಕರೊಬ್ಬರು ಎರಡು ಬಾರಿ ಹಿಂದಿರುಗಿಸಿ, ಕಳೆದ ತಿಂಗಳು ತಾವು ಸಂಪಾದಿಸುತ್ತಿದ್ದ ಸ್ಮರಣ ಸಂಚಿಕೆಗೆ ಒಪ್ಪಿಕೊಂಡರು. ನನ್ನ ಬರಹ ಅಚ್ಚಾಗುವುದು ಅದೇ ಮೊದಲು. ಕರಡು ಬಂದ ಬೆಳಿಗ್ಗೆ, ಬ್ರಹ್ಮಾವರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ಮೀನು ತರುವ ಹೆಂಗಸು ಬುಟ್ಟಿ ಇಳಿಸಿ ಕೇಳಿಸಿಕೊಂಡಳು.

"ಹ್ವಾಯ್, ಗಂಜಿ ಹುಳಿ ಬತ್ತಿಲ್ಲೆ ಅಂದೇಳಿ ಹೇಳ್ದರ್ ಯಾರ್? ನೀವ್ ಬೆಳಿಗ್ಗೆ ಹೊಸತ್ ಬೇಯ್ಸ್ಕಂಡ್ ಉಂತ್ರಿ. ನಾವ್ ಹಿಂದಿನ್ ದಿನದ್ ಅನ್ನಕ್ಕೆ ನೀರ್ ಹೊಯ್ದ್ ಇಟ್ಟ್, ಹುಳಿ ಬಂದದ್ದನ್ನೇ ಉಂಡ್ಕಂಡ್ ಮೀನ್ ಮಾರುಕೆ ಹೋಪುದ್."

"ಅದ್ ತಂಗ್ಳ್ ಮಾರಾಯ್ತಿ, ಗಂಜಿ ಅಲ್ಲ."

"ನಮ್ಮನಿಯಂಗೆ ಅದೂ ಗಂಜಿಯೇ. ಹೆಸ್ರ್ ಇಡುಕೆ ನಿಮ್ಮನ್ ಕೇಣ್ಕಾ?"

ಅವಳು ನಕ್ಕಳು. ನಾನು ಕರಡನ್ನು ಮತ್ತೆ ಮೊದಲಿನಿಂದ ನೋಡಿದೆ. ಕರಾವಳಿಯ ಗಂಜಿ ಎಂದು ನಾನು ಬರೆದದ್ದು ನನ್ನ ಮನೆಯ ಒಂದು ಪಾತ್ರೆಯ ವಿಷಯ.

ಮರುದಿನ ಬಸ್ಸು ಹತ್ತಿ ಬೈಂದೂರಿಗೆ ಹೋಗಿ, ತಪ್ಪನ್ನು ಹೇಳಿ ಲೇಖನವನ್ನು ಹಿಂದಕ್ಕೆ ಕೇಳಿದೆ.

"ಬಿಡಿ ಮಾರಾಯ್ರೆ, ಯಾರಿಗ್ ಗೊತ್ತಾತ್ತ್?" ಎಂದರು ಉಪನ್ಯಾಸಕರು.

"ಮೀನಿನ್ ಹೆಂಗ್ಸಿಗೆ ಗೊತ್ತಿತ್ತಲೆ," ಎಂದೆ.

ಹಿಂದಿರುಗುವ ದಾರಿಯುದ್ದಕ್ಕೂ ಆ ಹಾಳೆಗಳು ಮಡಿಲಲ್ಲಿದ್ದವು. ಸಂಸ್ಕೃತವೇ ತಾಯಿ ಎಂಬುದನ್ನು ನಾನು ಈಗಲೂ ಒಪ್ಪಿಲ್ಲ. ಒಪ್ಪದಿರಲು ಇದ್ದ ಕಾರಣ ಮಾತ್ರ ಉಳಿದಿಲ್ಲ. ಇನ್ನೊಂದನ್ನು ಹುಡುಕುವಷ್ಟು ಕಣ್ಣೂ ಇಲ್ಲ, ಮೊಣಕಾಲೂ ಇಲ್ಲ.

ಮನೆಯಲ್ಲಿ ಹೆಂಡತಿ ಬಿಸಿ ಗಂಜಿ ಬಡಿಸಿ ಉಪ್ಪಿನಕಾಯಿ ಇಟ್ಟಳು. ನಡೆದದ್ದನ್ನು ಹೇಳಿದೆ.

"ನನ್ನ ತೌರ್ಮನಿಯಂಗೂ ಹುಳಿ ಗಂಜಿಯೇ ಇದ್ದದ್ದ್," ಎಂದಳು. "ನೀವ್ ಕೇಂಡ್ರಿಯಾ?"

ಕೇಳಿರಲಿಲ್ಲ. ಉಳಿದ ಅನ್ನಕ್ಕೆ ನೀರು ಹೊಯ್ದಿಡಲು ಹೇಳಿದೆ.

"ಹುಳಿ ಬತ್ತ್ ಕಾಣಿ."

"ಬರ್ಲಿ," ಎಂದೆ.